ಚೈನ್ ಬಿತ್ತಾ?

ಹಾಲು ಗದ್ದದ ಮೇಲೆ ಇಳಿಯುತ್ತಿದೆ, ಕುತ್ತಿಗೆಗೆ ತಣ್ಣಗೆ ತಾಕಿದ ಮೇಲೆಯೇ ಇವನಿಗೆ ಗೊತ್ತಾದದ್ದು, ಕೆಳತುಟಿ ಇನ್ನೂ ತನ್ನದಾಗಿಲ್ಲ, ಯಾರದೋ ತುಟಿ ತಂದು ಅಂಟಿಸಿದ ಹಾಗಿದೆ, ಟವೆಲ್ಲು ಎಲ್ಲಿ ಹಾಳಾಗಿ ಹೋಯಿತು, ಇಲ್ಲೇ ಇತ್ತಲ್ಲ — ತೊಡೆಯ ಕೆಳಗೇ ಇದೆ, ಒರೆಸಿಕೊಂಡ. ಬರೀ ಹಾಲಲ್ಲ ಇದು, ಹಾಲು, ಬಾಳೆಹಣ್ಣು, ಬೆಂದ ಬೇಳೆ, ಒಂದು ಚಮಚ ಎಣ್ಣೆ, ಎಲ್ಲ ಮಿಕ್ಸಿಗೆ ಹಾಕಿ ಬಟ್ಟೆಯಲ್ಲಿ ಸೋಸಿ, ಹೊಲಿಗೆ ಕಾರ್ಖಾನೆಗೆ ಹೊರಡುವ ಮುಂಚೆ ಹೆಂಡತಿ ಫ್ಲಾಸ್ಕಿಗೆ ಸುರಿದಿಟ್ಟದ್ದು, ಕುಡೀರೀ, ಮುಖ ಸಿಂಡರಿಸ್ಬೇಡಿ, ನಿದ್ದೆ ಬಿಟ್ಟು ಸೋಸಿದೀನಿ. ಮುಖ ಸಿಂಡರಿಸುವುದಕ್ಕೂ ದವಡೆ ಬೇಕಲ್ಲವೇನೇ. ಮುರಿದ ದವಡೆಗೆ ಒಳಗೆ ತಗಡು ಕೂರಿಸಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ತಂತಿ ಬಿಗಿದುಬಿಟ್ಟಿದ್ದಾರೆ, ಉದುರಿಹೋದ ಹಲ್ಲಿನ ಸಂದಿಯೊಂದೇ ಈಗ ಬಾಗಿಲು, ಅದರೊಳಗೆ ರಬ್ಬರ್ ಕೊಳವೆ ತೂರಿಸಿ ಸಿರಿಂಜು ಮೆಲ್ಲಗೆ ಒತ್ತಬೇಕು, ಜೋರಾಗಿ ಒತ್ತಿದರೆ ನೆತ್ತಿಗೆ ಹತ್ತುತ್ತದೆ, ಕೆಮ್ಮೋಣವೆಂದರೆ ಬಾಯಿಲ್ಲ. ಹಸಿವು ಹೊಟ್ಟೆಯದು ಅಂದುಕೊಂಡಿದ್ದ ಇಷ್ಟು ದಿನ, ಅಲ್ಲ, ಹಲ್ಲಿನದು, ಹೊಟ್ಟೆ ತುಂಬಿ ಡೊಳ್ಳಾಗಿದ್ದರೂ ಹಲ್ಲು ಹಸಿದು ಕೂತಿರುತ್ತದೆ, ಕಟುಂ ಅನ್ನುವಂಥದ್ದು ಏನಾದರೂ ಸಿಕ್ಕೀತೇ ಅಂತ, ನಿನ್ನೆ ಕನಸಿನಲ್ಲಿ ಲಾರಿ ಟ್ಯೂಬನ್ನೇ ಅಗಿಯುತ್ತಿದ್ದ, ಎಂಥಾ ರುಚಿ, ಎಚ್ಚರವಾದಾಗ ಅಳು ಬಂತು. ಅತ್ತರೆ ಮೂಗು ಕಟ್ಟುತ್ತದೆ, ಮೂಗು ಕಟ್ಟಿದರೆ ಉಸಿರಿಗೂ ಹಲ್ಲಿನ ಸಂದಿಯೇ ಗತಿ, ಆದ್ದರಿಂದ ಅಳುವ ಹಾಗೂ ಇಲ್ಲ. ಮಂಚದ ಪಕ್ಕದ ಗೋಡೆಯಲ್ಲಿ ಮೊಳೆ, ಮೊಳೆಯಲ್ಲಿ ಕೆಂಪು ದಾರ ಕಟ್ಟಿ ತೂಗುಹಾಕಿದ ಚಿಕ್ಕ ತಂತಿಕತ್ತರಿ, ವಾಂತಿ ಬಂದ್ರೆ ಯಾರನ್ನೂ ಕಾಯ್ಬೇಡಿ, ಈ ಕಡೆ ಒಂದು ಆ ಕಡೆ ಒಂದು ಕತ್ತರಿಸ್ಬಿಡಿ, ಇಲ್ದಿದ್ರೆ ಉಸಿರು ಕಟ್ಟುತ್ತೆ, ಅಂದಿದ್ದಳು ನರ್ಸು, ಅದಕ್ಕೆ ತಮ್ಮ ನಕ್ಕಿದ್ದ, ಇದೇನು ಸಿಸ್ಟರ್ ಉಗುರು ತೆಗಿಯೋದಾ, ನಮ್ಮ ಅಂಗ್ಡೀಲಿ ಇದರಪ್ಪನಂಥದ್ದಿದೆ. ನಗುತ್ತಾನೆ, ಆಸ್ಪತ್ರೆಯಲ್ಲೂ ನಗುತ್ತಾನೆ, ಎಲ್ಲಿ ಹೋದರೂ ಅವನಿಗೆ ನಗುವುದಕ್ಕೆ ಒಬ್ಬರು ಸಿಗುತ್ತಾರೆ.

ಚಟ್. ಕೆಳಗೆ ಟೈರ್ ಅಂಗಡಿಯಲ್ಲಿ ತಮ್ಮ ಕಡಲೆಕಾಯಿ ಬಿಡಿಸುತ್ತಿದ್ದಾನೆ, ಸಿಪ್ಪೆ ಒಡೆಯುವ ಸದ್ದು ಮಹಡಿಗೆ ಕೇಳುತ್ತದೆ, ಕೇಳದಿದ್ದರೂ ಕೇಳುತ್ತದೆ. ಅವನಿಗೆ ಕಡಲೆಕಾಯಿ ಕಲಿಸಿದ್ದೇ ಇವನು, ಅಮ್ಮ ತೀರಿಹೋದಾಗ ಕೂಸಿಗೆ ಎರಡೇ ಎರಡು ಹಲ್ಲು, ಇವನು ತನ್ನ ಬಾಯಲ್ಲಿ ಅಗಿದು ನುಣ್ಣಗೆ ಮಾಡಿ ಬೆರಳ ತುದಿಯಿಂದ ನಾಲಿಗೆಗೆ ಇಡುತ್ತಿದ್ದ, ಅದು ಬೆರಳನ್ನೂ ಸೇರಿಸಿ ಚೀಪುತ್ತಿತ್ತು, ಅಪ್ಪ ಬೈಯುತ್ತಿದ್ದ, ಎಂಜಲು ತಿನ್ನಿಸ್ತೀಯೇನೋ ಮಂಗ, ಅನ್ನುತ್ತಲೇ ಇನ್ನೊಂದು ಹಿಡಿ ಕಡಲೆಕಾಯಿ ಇವನ ಜೇಬಿಗೆ ಹಾಕುತ್ತಿದ್ದ. ಚೈನಿನ ಕಟ್ಟಳೆಯೂ ಅಪ್ಪನೇ ಮಾಡಿದ್ದು. ಲಾರಿ ಚಕ್ರಕ್ಕೆ ಗಾಳಿ ಹಿಡಿಸುವುದೆಂದರೆ ಸೈಕಲ್ಲಿಗೆ ಪಂಪು ಹೊಡೆದ ಹಾಗಲ್ಲ, ಟೈರು ಕೂರಿಸಿ, ಮೇಲೆ ಕಬ್ಬಿಣದ ರಿಂಗು ಕೂರಿಸಿ ಸುತ್ತಿಗೆಯಲ್ಲಿ ಬಡಿದು, ರಿಂಗು ಸಿಡಿಯದ ಹಾಗೆ ಚಕ್ರಕ್ಕೆ ದಪ್ಪ ಚೈನ್ ಸುತ್ತಿ ಬಿಗಿದು, ಆಮೇಲೆ ಗಾಳಿ, ಚೈನ್ ಮರೆತ ದಿನ ರಿಂಗು ಯಾರ ತಲೆಗೆ ಹಾರುತ್ತದೋ ದೇವರೇ ಬಲ್ಲ, ಅದಕ್ಕೇ ಚೈನ್ ಹಾಕುವವನು ಒಬ್ಬ, ಗಾಳಿ ಬಿಡುವವನು ಇನ್ನೊಬ್ಬ, ಗಾಳಿಯವನು ಕೇಳಬೇಕು, ಚೈನ್ ಬಿತ್ತಾ, ಚೈನಿನವನು ಹೇಳಬೇಕು, ಬಿತ್ತು, ಆಮೇಲೇ ವಾಲ್ವಿಗೆ ಕೈ. ವರ್ಷಗಟ್ಟಲೆ ಕೇಳಿ ಕೇಳಿ, ಹೇಳಿ ಹೇಳಿ, ಅದು ಮಾತೇ ಅಲ್ಲದೆ ಹೋಗಿತ್ತು, ಆಕಳಿಕೆ ಬಂದ ಹಾಗೆ ಬರುತ್ತಿತ್ತು. ಅವತ್ತೂ ಇವನು ಕೇಳಿದ, ಚೈನ್ ಬಿತ್ತಾ, ತಮ್ಮ, ಲಾರಿಯ ಡ್ರೈವರ್ ಜೊತೆ ಏನೋ ನಗುತ್ತ, ತಿರುಗಿ ಕೂಡ ನೋಡದೆ, ಬಿತ್ತು ಅಂದ. ಇವನೂ ಚಕ್ರ ನೋಡಲಿಲ್ಲ, ಯಾಕೆ ನೋಡಬೇಕು, ತಮ್ಮ ಬಿತ್ತು ಅಂದ ಮೇಲೆ ಬಿತ್ತು, ವಾಲ್ವ್ ತಿರುಗಿಸಿದ, ಮೀಟರಿನ ಮುಳ್ಳು ಏರುತ್ತಿತ್ತು, ಯಾಕೋ ಕತ್ತೆತ್ತಿದ, ಎದುರಿಗೆ ಗೋಡೆ, ಗೋಡೆಯಲ್ಲಿ ಮೊಳೆ, ಮೊಳೆಯಲ್ಲಿ ಚೈನ್, ಅಲ್ಲಾಡದೆ ನೇತುಬಿದ್ದಿತ್ತು. ಅಯ್ಯೋ ಅನ್ನುವುದಕ್ಕೆ ಬಾಯಿ ತೆರೆದ, ಅಷ್ಟೇ. ಆ ಅಯ್ಯೋ ಇನ್ನೂ ಒಳಗೇ ಇದೆ, ಅದರ ಮೇಲೇ ತಂತಿ ಬಿಗಿದಿದ್ದಾರೆ.

ಸ್ಟ್ರೆಚರ್ ಮೇಲೆ ಮಲಗಿದ್ದಾಗ ದವಡೆ ಹೋಗಿತ್ತು, ಕಿವಿ ಚೆನ್ನಾಗಿತ್ತು, ಹಾಳು ಕಿವಿ, ಅದೂ ಹೋಗಬಾರದಿತ್ತೇ. ತಮ್ಮ ಹೇಳುತ್ತಿದ್ದ, ಅಣ್ಣ ಚೈನ್ ಇಲ್ದೇನೇ ಗಾಳಿ ಬಿಟ್ಬಿಟ್ಟ ಡಾಕ್ಟ್ರೇ, ಅವಸರ ಅಣ್ಣಂಗೆ, ನಾನು ಆ ಕಡೆ ಡ್ರೈವರ್ ಹತ್ರ ಇದ್ದೆ, ನಂಗೇನು ಗೊತ್ತು. ನಿನಗೇನು ಗೊತ್ತು! ಬಾಯಿಗೆ ಬಟ್ಟೆ ತುರುಕಿದ್ದರು, ಇವನು ಕೈ ಎತ್ತಿದ, ಕೈ ಹಿಡಿದು ಮಲಗಿಸಿದರು, ಅಲ್ಲಾಡ್ಬೇಡಿ, ಅಲ್ಲಾಡ್ಬೇಡಿ. ಹೆಂಡತಿಗೂ ಅದೇ ಕಥೆ, ಅವಳು ನಂಬಿದಳು, ನಂಬಿ ಬೈದಳು, ಅಷ್ಟು ವರ್ಷದ ಅನುಭವ ಇಟ್ಕೊಂಡು ಚೈನ್ ಹಾಕದೆ ಗಾಳಿ ಬಿಡ್ತಾರೇನ್ರೀ, ಪಾಪ ಅವನ ಮುಖ ನೋಡಿ, ನಿಮ್ಮ ಚಿಂತೇಲಿ ಹೇಗೆ ಸೊರಗಿ ಹೋಗಿದಾನೆ. ಸೊರಗಿರುವುದು ಯಾರು ತಾಯಿ, ಪ್ಯಾಂಟು ನಿಲ್ಲದೆ ಲುಂಗಿ ಉಟ್ಟುಕೊಂಡಿರುವುದು ಯಾರು. ಬರೆದು ತೋರಿಸಬಹುದಿತ್ತು, ಮೊಬೈಲು ಕೈಯಲ್ಲೇ ಇದೆ, ನೀರು ಅಂತ ಬರೆಯುತ್ತಾನೆ, ಸಾಕು ಅಂತ ಬರೆಯುತ್ತಾನೆ, ಇದನ್ನು ಬರೆಯಲಾರ, ಇದು ಬರೆಯುವ ಮಾತಲ್ಲ, ತಂತಿ ತೆಗೆಯಲಿ, ಮುಖಕ್ಕೆ ಮುಖ ಕೊಟ್ಟು ಬಾಯಿ ತುಂಬ ಬೈಯುತ್ತೇನೆ, ಊರೆಲ್ಲ ಕೇಳಲಿ. ಅಥವಾ ಅವನೇ ಹೇಳಲಿ. ಹೌದು, ಅದೇ, ಅವನ ಬಾಯಿಂದಲೇ ಬರಲಿ ಅಂತ ಕಾಯುತ್ತಿದ್ದಾನೆ, ಇವನು ನೆಲಕ್ಕೆ ಲೋಟ ಕುಟ್ಟುತ್ತಾನೆ, ಒಂದು ಸಲ ಕುಟ್ಟಿದರೆ ನೀರು, ಎರಡು ಸಲ ಕುಟ್ಟಿದರೆ ಊಟ, ತಮ್ಮ ಮೆಟ್ಟಿಲು ಹತ್ತಿ ಬರುತ್ತಾನೆ, ಕೈಯ ಗ್ರೀಸು ಹೋಗುವವರೆಗೆ ಸೋಪು ಹಾಕಿ ಉಜ್ಜಿಕೊಳ್ಳುತ್ತಾನೆ, ಮಣಿಕಟ್ಟಿಗೆ ಒಂದು ಹನಿ ಬಿಟ್ಟು ಬಿಸಿ ನೋಡುತ್ತಾನೆ, ಕೊಳವೆಯನ್ನು ಸಂದಿಗೆ ಎಷ್ಟು ಮೆಲ್ಲಗೆ ತೂರಿಸುತ್ತಾನೆಂದರೆ ಹೆಂಡತಿಗೂ ಆ ಕೈ ಇಲ್ಲ, ಉಪ್ಪುನೀರಲ್ಲಿ ಬಾಯಿ ತೊಳೆಸುತ್ತಾನೆ, ಗಲೀಜು ಬಟ್ಟಲು ಅವನೇ ಎತ್ತುತ್ತಾನೆ. ಹೀಗೆ ಉಣಿಸುವವನ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಹೇಗೆ, ಇಟ್ಟುಕೊಳ್ಳದೆ ಇರುವುದು ಹೇಗೆ. ಇವತ್ತು ಬೆಳಗ್ಗೆ ಸಿರಿಂಜು ಅರ್ಧಕ್ಕೆ ನಿಂತಿತು, ಅಣ್ಣಾ, ಅವತ್ತು, ಅಂದ, ಇವನು ಕಣ್ಣೆತ್ತಿದ, ಹೇಳು, ಹೇಳಿಬಿಡೋ, ಬಿತ್ತು ಅಂದಿದ್ದು ನಾನೇ ಅಂತ ಒಂದು ಮಾತು, ನಾನೇನು ನಿನ್ನ ತಿಂದುಬಿಡುತ್ತೇನೆಯೇ, ತಿನ್ನುವುದಕ್ಕೆ ಬಾಯಾದರೂ ಎಲ್ಲಿದೆ. ತಮ್ಮ ಇವನ ಕಣ್ಣು ನೋಡಿದ, ಆಮೇಲೆ ಸಿರಿಂಜು ನೋಡಿದ. ಬಿಸಿ ಜಾಸ್ತಿ ಆಯ್ತಾ ಅಣ್ಣಾ, ಅಂದ.

ಬರ್ಲಿ, ಬರ್ಲಿ, ಬರ್ಲಿ, ಸಾಕು. ಲಾರಿ. ಹಿಂದಕ್ಕೆ ಬಂದು ನಿಂತಿತು, ಕಿಟಕಿ ಗಾಜು ನಡುಗಿತು. ಇಷ್ಟು ದಿನ ಬರೀ ಸ್ಕೂಟರು, ಕಾರು, ಅವಕ್ಕೆ ರಿಂಗೂ ಇಲ್ಲ ಚೈನೂ ಬೇಡ, ಅವತ್ತಿನ ಮೇಲೆ ಇದೇ ಮೊದಲ ಲಾರಿ, ಒಬ್ಬನೇ ಮಾಡುತ್ತಾನಾ, ಮಾಡಲಿ, ಕೈ ಚುರುಕಿದೆ. ಜಾಕ್ ಏರುತ್ತಿದೆ. ನಟ್ಟು ಬಿಚ್ಚಿದ. ಡ್ರೈವರ್ ಹೇಳುತ್ತಿದ್ದಾನೆ, ಬೇಗ ಆಗ್ಲಿ ಗುರುವೇ, ಒಂದು ಟೀ ಕುಡಿದು ಬರ್ತೀನಿ, ಟೀ, ಬಿಸಿ ಟೀ, ಅದರಲ್ಲಿ ಅದ್ದಿದ ಬ್ರೆಡ್ಡು, ಅದ್ದಿದರೂ ಅಂಚು ಮಾತ್ರ ಗಟ್ಟಿ ಉಳಿಯುತ್ತದಲ್ಲ ಆ ಅಂಚು, ಇವನ ಬಾಯಲ್ಲಿ ನೀರೂರಿ ತುಟಿ ದಾಟಿತು, ಒರೆಸಿಕೊಂಡ. ಠಣ್, ಠಣ್, ರಿಂಗು ಬಡಿಯುತ್ತಿದ್ದಾನೆ, ಒಂದು ಸುತ್ತು, ಇನ್ನೊಂದು ಸುತ್ತು, ಕೂತಿತು, ಸದ್ದಿನಲ್ಲೇ ಗೊತ್ತಾಗುತ್ತದೆ ಕೂತದ್ದು. ಈಗ ಚೈನ್. ಮೊಳೆಯಿಂದ ಇಳಿಸಿದರೆ ಝಲ್ ಅನ್ನುತ್ತದೆ, ನೆಲ ಮುಟ್ಟಿದರೆ ಖಣ್. ಚಟ್, ಕಡಲೆಕಾಯಿ. ಝಲ್ ಅನ್ನಲಿಲ್ಲ. ಕಂಪ್ರೆಸರ್ ಶುರುವಾಯಿತು, ಇರು, ಅದು ಮೊದಲೇ ಶುರುಮಾಡುವುದೇ, ಒತ್ತಡ ಏರಬೇಕಲ್ಲ, ಈಗ ಇಳಿಸುತ್ತಾನೆ, ಈಗ — ಕಂಪ್ರೆಸರ್ ಸದ್ದಿನ ಮೇಲೆ ತಮ್ಮನ ದನಿ, ಚೈನ್ ಬಿತ್ತಾ. ಯಾರನ್ನು ಕೇಳುತ್ತಿದ್ದಾನೆ, ಯಾರಿದ್ದಾರೆ ಅಲ್ಲಿ, ಡ್ರೈವರ್ ಟೀಗೆ ಹೋದ. ಬಿತ್ತು. ಅದೂ ತಮ್ಮನದೇ ದನಿ. ತಾನೇ ಕೇಳಿದ, ತಾನೇ ಹೇಳಿದ, ಅಯ್ಯೋ ನಿನ್ನ ಮನೆ ಹಾಳಾಗ, ಬಿದ್ದಿಲ್ಲ ಕಣೋ, ಝಲ್ ಅನ್ನಲೇ ಇಲ್ಲ, ಬಿದ್ದಿಲ್ಲ — ಮೂಗಿನಿಂದ ಉಂ ಉಂ ಅಂತ ಬಂತು, ಅಷ್ಟೇ, ಹಟ್ಟಿಯ ಕರು ಕೂಡ ಇದಕ್ಕಿಂತ ಜೋರಾಗಿ ಕೂಗುತ್ತದೆ. ಲೋಟ, ಲೋಟ ಎಲ್ಲಿ, ಕುಟ್ಟಿದ, ಕುಟ್ಟಿದ, ಬಂದೇ ಅಣ್ಣಾ, ಹಸಿವಾಯ್ತಾ, ಇದೊಂದಕ್ಕೆ ಗಾಳಿ ಹಿಡಿಸಿ ಬಂದ್ಬಿಟ್ಟೆ. ಊಟ ಅಲ್ಲ ಕಣೋ, ಕುಟ್ಟಿದ, ಲೋಟ ನಗ್ಗುವ ಹಾಗೆ ಕುಟ್ಟಿದ, ಗೊತ್ತಾಯ್ತಪ್ಪಾ ಗೊತ್ತಾಯ್ತು, ಬೇಗ ಮುಗಿಸ್ತೀನಿ, ನಗುತ್ತಿದ್ದಾನೆ, ಬೇಗ ಬೇಡ, ನಿಧಾನ ಮಾಡೋ, ನಂಗೆ ಹಸಿವಿಲ್ಲ, ಜನ್ಮದಲ್ಲಿ ಇನ್ನು ಹಸಿವಿಲ್ಲ. ಸುಸ್ಸ್, ಗಾಳಿ. ಮೊಳೆ, ಕೆಂಪು ದಾರ, ಕತ್ತರಿ, ಗೋಡೆ ಹಿಡಿದ, ಬಾಗಿಲು ಹಿಡಿದ, ಈ ಕಡೆ ಒಂದು, ಕಟ್, ಆ ಕಡೆ, ಕಟ್, ಇನ್ನೊಂದಿದೆ, ತುಟಿಗೆ ಚುಚ್ಚಿತು, ಚುಚ್ಚಲಿ, ಕಟ್, ಬಾಯಿ ಒಂದು ಬೆರಳಷ್ಟು ಬಿಟ್ಟಿತು, ಉಪ್ಪು, ಬಿಸಿ, ಕೊಳವೆಯಿಲ್ಲದೆ ಬಾಯಿಗೆ ಬಂದ ಮೊದಲ ರುಚಿ, ರಕ್ತ. ಮೆಟ್ಟಿಲು. ಇನ್ನೊಂದು ಮೆಟ್ಟಿಲು. ಬೈಯಬೇಕೆಂದು ಕೂಡಿಟ್ಟ ಮಾತೆಲ್ಲ ಎಲ್ಲಿ ಹೋಯಿತು, ಒಂದೂ ಇಲ್ಲ, ಸುಳ್ಳ ಅಂತಲೂ ಇಲ್ಲ, ಒಂದೇ ಒಂದು, ಸರಿಯೋ, ಪಕ್ಕಕ್ಕೆ ಸರಿ ಮಗಾ, ಅದೂ ಮಾತಾಗದೆ ಗಂಟಲಲ್ಲಿ ಗೊರಗೊರ ಅಂತು, ತಮ್ಮ ಚಕ್ರದ ಮೇಲೆ ಬಗ್ಗಿದ್ದವನು ತಲೆಯೆತ್ತಿದ, ಕೈ ಇನ್ನೂ ವಾಲ್ವಿನ ಮೇಲೆ, ಅಣ್ಣಾ, ಇದೇನಿದು ರಕ್ತ, ಯಾಕೆ ಇಳಿದು ಬಂದೆ, ನಾನೇ ಬರ್ತೀನಿ ಅಂದೆನಲ್ಲ, ರಿಂಗಿನ ಎದುರಿಗೇ ಅವನ ಮುಖ, ಅವನ ಹಿಂದೆ ಗೋಡೆ, ಗೋಡೆಯಲ್ಲಿ ಮೊಳೆ, ಮೊಳೆಯಲ್ಲಿ ಚೈನ್, ಅಲ್ಲಾಡದೆ