ಹವಾಲ್ದಾರ ಬಾಯಿಬಿಟ್ಟ ದಿನ

ಮರುದಿನ ತಿಕೋಟಾದ ಶಾಲೆಯಲ್ಲಿ ಭಾಷಣ. ನಿವೃತ್ತ ಹವಾಲ್ದಾರ ಶಿವಾಜಿ ಜಲನಗರದ ತನ್ನ ಮನೆಯ ಪಡಸಾಲೆಯಲ್ಲಿ ಕೂತು ಕೊನೆಯ ಸಾಲುಗಳನ್ನು ಮೂರನೆಯ ಸಲ ಜೋರಾಗಿ ಓದಿದ. "ವೈರಿ ಎಷ್ಟೇ ಚಿತ್ರಹಿಂಸೆ ಕೊಡಲಿ, ಸೆರೆಸಿಕ್ಕ ಸೈನಿಕ ಹೆಸರು, ಹುದ್ದೆ, ನಂಬರು ಬಿಟ್ಟು ಬೇರೇನೂ ಹೇಳಕೂಡದು. ಬಾಯಿಬಿಟ್ಟವನು ಹೇಡಿ!"

ಅಷ್ಟರಲ್ಲಿ ಹೆಂಡತಿ ತಿಪ್ಪವ್ವ ಖಾಲಿ ಡಬ್ಬಿ ಹಿಡಿದು ಹೊರಬಂದಳು. ಬಿಜ್ಜರಗಿಯ ಅವರ ಹೊಲದ ಒಣದ್ರಾಕ್ಷಿಯ ಡಬ್ಬಿ. ಶಿವಾಜಿಗೆ ಸಕ್ಕರೆ ಕಾಯಿಲೆ. ದ್ರಾಕ್ಷಿ ಮುಟ್ಟಬಾರದೆಂದು ಡಾಕ್ಟರರ ಕಟ್ಟಪ್ಪಣೆ.

"ಯಾರು ತಿಂದಾರಿದನ್ನ?"

ಶಿವಾಜಿ ಎದೆ ಸೆಟೆಸಿದ. "ಹವಾಲ್ದಾರ ಶಿವಾಜಿ. ನಂಬರ ಹೇಳ್ಲೇನು?"

"ಓಹೋ, ಕೈದಿ ಆಗೀರಿ? ಆಗ್ಲಿ. ನಾಳಿ ಹೇಳೂದನ್ನ ಇವತ್ತ ಮಾಡಿ ತೋರಸ್ರಿ. ಬಾಯಿ ಬಿಟ್ರ ಭಾಷಣದಾಗಿನ ಆ ಹೇಡಿ ಅನ್ನೂ ಸಾಲು ಹೊಡದಹಾಕಬೇಕು."

"ಕಬೂಲ!"

ಬಾಗಿಲ ಹಿಂದೆ ಎಂಟು ವರ್ಷದ ಮೊಮ್ಮಗಳು ಆಮ್ರಪಾಲಿ ಅಡಗಿ ನಿಂತಿದ್ದಳು. ಅರ್ಧ ಡಬ್ಬಿ ಅವಳ ಹೊಟ್ಟೆಯಲ್ಲಿತ್ತು.

ಮೊದಲು ಚಹಾ ನಿಂತಿತು. ಆಮೇಲೆ ಫ್ಯಾನು ನಿಂತಿತು. ಹಣೆಯಿಂದ ಇಳಿದ ಬೆವರು ಮೀಸೆಗೆ ಬಂತು, ಶಿವಾಜಿ ಅಲುಗಲಿಲ್ಲ. ತಿಪ್ಪವ್ವ ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ ಕರಿದು ತಂದು ಎದುರಿಗೇ ಕೂತು ತಿಂದಳು.

"ಹವಾಲ್ದಾರ ಶಿವಾಜಿ," ಎಂದ ಅವನು, ಉಗುಳು ನುಂಗಿ.

ತಿಪ್ಪವ್ವ ಕೈ ಒರೆಸಿಕೊಂಡು ಎದ್ದಳು. "ಹೋಗ್ಲಿ ಬಿಡ್ರಿ, ಇಲಿ ತಿಂದಿರಬೇಕು. ಪಾಪ, ಅದರ ಹಲ್ಲು ಏನಾಗ್ಯಾವೋ! ನಿಮ್ಮ ಬಿಜ್ಜರಗಿ ದ್ರಾಕ್ಷಿ ಈ ವರ್ಷ ಬರೇ ಹುಳಿ. ಇನ್ನ ನಮ್ಮ ತವರಮನಿ ಬಬಲೇಶ್ವರದಿಂದನ ತರಸ್ತೀನಿ."

"ಹುಳಿ? ಯಾರ ಬೇ ಹುಳಿ ಅಂದಾಕಿ?" ಶಿವಾಜಿ ಕುರ್ಚಿಯಿಂದ ಪುಟಿದೆದ್ದ. "ಜೇನ ಆಗಿತ್ತು, ಜೇನ! ಕಡೀ ಮುಷ್ಟಿ ಬಾಯಾಗ ಹಾಕ್ಕೊಂಡಾಗಂತೂ..."

ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

ತಿಪ್ಪವ್ವ ಪೆನ್ನು ಮುಂದೆ ಹಿಡಿದಳು. "ನಿಮ್ಮ ಜೋಡಿ ತಿನ್ನಾಕ ಯಾರಿದ್ರು?"

ಶಿವಾಜಿ ಬಾಗಿಲ ಕಡೆ ನೋಡಲೇ ಇಲ್ಲ. "ಹವಾಲ್ದಾರ ಶಿವಾಜಿ," ಎಂದು ಮೆಲ್ಲಗೆ ಹೇಳಿ ಪೆನ್ನು ತೆಗೆದುಕೊಂಡ. ಯಾರೂ ಉಗುರು ಕೀಳಲಿಲ್ಲ, ನಿದ್ದೆಗೆಡಿಸಲಿಲ್ಲ; ದ್ರಾಕ್ಷಿಗೆ ಹುಳಿ ಅಂದದ್ದಕ್ಕೇ ತಾನು ಬಾಯಿಬಿಟ್ಟಿದ್ದ. ಹೇಡಿ ಎಂಬ ಸಾಲು ಹೊಡೆದುಹಾಕಿ ಕೆಳಗೆ ಬರೆದ: "ತಡೆಯುವಷ್ಟು ತಡೆಯಬೇಕು. ತಡೆಯಲಾರದವನು ಮನೆಗೆ ಮರಳಿದರೆ, ಮೊದಲು ಚಹಾ ಕೊಡಬೇಕು."

ತಿಪ್ಪವ್ವ ಅದನ್ನು ಓದಿ, ಫ್ಯಾನು ಹಚ್ಚಿ, ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ಸಕ್ಕರೆ ಇಲ್ಲದ್ದು.

"ಆಯಿ, ನನಗೂ ಚಾ!" ಬಾಗಿಲ ಹಿಂದಿನಿಂದ ಆಮ್ರಪಾಲಿ ಅಜ್ಜಿಗೆ ಕೂಗಿ ಹೇಳಿದಳು.

"ನಿನಗ್ಯಾಕ? ನೀ ಇನ್ನೂ ಬಾಯಿ ಬಿಟ್ಟಿಲ್ಲಲ್ಲ."