ಮಹಾರಾಜರ ಪೀಕದಾನಿ

ಸರ್ದೂಲ್‌ಕೋಟ್ ಸಂಸ್ಥಾನದಲ್ಲಿ ನಮ್ಮ ಮನೆತನಕ್ಕೊಂದು ಮರ್ಯಾದೆ ಇತ್ತು. ಮಹಾರಾಜರು ಉಗುಳಿದ್ದನ್ನು ಹಿಡಿಯುವ ಮರ್ಯಾದೆ. ಅಜ್ಜ ಹಿಡಿದ, ಅಪ್ಪ ಹಿಡಿದ, ಆಮೇಲೆ ನಾನು, ಜೈಮಲ್ ಸಿಂಗ್. ಬೆಳ್ಳಿಯ ಪೀಕದಾನಿ ಹಿಡಿದು ಗದ್ದುಗೆಯ ಎಡಕ್ಕೆ ಅರ್ಧ ಹೆಜ್ಜೆ ಹಿಂದೆ ನಿಲ್ಲಬೇಕು. ಅವರ ಕತ್ತು ಈ ಕಡೆ ಹೊರಳಿತೋ, ಪಾತ್ರೆ ಬಾಯಿಯ ಕೆಳಗಿರಬೇಕು. ಇದಕ್ಕೆ ನೂರು ಬಿಘಾ ಕಾಲುವೆ ನೀರಿನ ಜಮೀನು, ದಸರೆಗೊಂದು ರೇಷ್ಮೆ ಪೇಟ. ಮದುವೆ ಮನೆಗೆ ಹೋದರೆ ಜನ ಎದ್ದು ನಿಂತು ನನ್ನನ್ನು ಮಂಚದ ತಲೆಯ ಕಡೆ ಕೂರಿಸುತ್ತಿದ್ದರು.

ಪಾತ್ರೆ ತೊಳೆಯುವುದೂ ನಾನೇ. ಬೇರೆಯವರ ಕೈಗೆ ಸಿಕ್ಕರೆ ಮಾಟ ಮಾಡಿಸಿಯಾರೆಂದು ಅರಮನೆಗೆ ಭಯ. ಹಾಗಾಗಿ ನನಗೊಬ್ಬನಿಗೇ ಒಂದು ಸಂಗತಿ ಗೊತ್ತಿತ್ತು. ಎಲೆಯ ಜೊತೆ ಮಹಾರಾಜರು ಹೊಗೆಸೊಪ್ಪು ಜಗಿಯುತ್ತಿದ್ದರು. ಸಿಖ್ಖನಿಗೆ ಅದನ್ನು ಮುಟ್ಟುವುದೇ ಪತನ. ಇವರೋ ಹಬ್ಬದ ದಿನ ಗುರುದ್ವಾರದಲ್ಲಿ ಚಾಮರ ಬೀಸಿ ಬಂದವರೇ ಒಳಜೇಬಿನ ಡಬ್ಬಿಗೆ ಕೈಹಾಕುತ್ತಿದ್ದರು. ಎಲೆ ಮಡಿಸಿ ಕೊಡುವವನಿಗೂ ಗೊತ್ತಿರಲಿಲ್ಲ. ನನಗೆ ವಾಸನೆಯೇ ಹೇಳುತ್ತಿತ್ತು.

ಒಂದು ವರ್ಷ ವೈಶಾಖಿ ಹಬ್ಬದ ಮಾರನೆಯ ದಿನ, ಹುಕ್ಕಾ ಸೇದಿದನೆಂದು ಒಬ್ಬ ಸಿಪಾಯಿಗೆ ದರ್ಬಾರಿನಲ್ಲೇ ಹನ್ನೆರಡು ಛಡಿಯೇಟು ವಿಧಿಸಿದರು. ಧರ್ಮ ಕೆಡಿಸಿದವನಿಗೆ ಈ ರಾಜ್ಯದಲ್ಲಿ ಜಾಗವಿಲ್ಲ ಎಂದು ತೀರ್ಪು ಹೇಳುವಷ್ಟರಲ್ಲಿ ಎರಡು ಸಲ ಉಗುಳಿದರು. ಎರಡು ಸಲವೂ ನಾನೇ ಹಿಡಿದೆ.

ಅಂದು ಸಂಜೆ ಕಾಲುವೆಯ ದಂಡೆಯಲ್ಲಿ ಸ್ಕೂಲಿನ ಮೇಷ್ಟ್ರು ನಿಧಾನ್ ಸಿಂಗ್ ಸಿಕ್ಕ. ನಾವಿಬ್ಬರೂ ಒಟ್ಟಿಗೆ ಎಮ್ಮೆ ಮೇಯಿಸಿದವರು. ನನಗೆ ತಡೆಯಲಾಗಲಿಲ್ಲ.

"ಆ ಬಾಯಲ್ಲೇ ಹೊಗೆಸೊಪ್ಪಿತ್ತು ಕಣೋ. ದಿನಾ ಇರುತ್ತೆ. ಆ ಸಿಪಾಯಿ ಬೆನ್ನಿನ ಚರ್ಮ ಸುಲಿದ್ರು!"

"ಮೆಲ್ಲಗೆ ಮಾತಾಡೋ," ಎಂದ ನಿಧಾನ್.

ತಿಂಗಳೊಳಗೆ ಅದು ಲಾಹೋರಿನ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಬರೆದವನು ಮಾಸ್ಟರ್ ನಿಧಾನ್ ಸಿಂಗ್ ಎಂದು ರಾಜಾರೋಷವಾಗಿ ಹೆಸರೂ ಇತ್ತು. ನನ್ನ ಹೆಸರಿರಲಿಲ್ಲ. ಮರುದಿನವೇ ಅವನನ್ನು ರಾಜದ್ರೋಹಕ್ಕೆ ಹಿಡಿದು ಒಳಗೆ ಹಾಕಿದರು. ದಿವಾನರು ನನ್ನನ್ನು ಕರೆಸಿದರು.

"ಜೈಮಲ್ ಸಿಂಗ್, ಸಾಕ್ಷಿ ನೀವೇ. ಪೀಕದಾನಿ ವಿಷಯ ನಿಮಗಿಂತ ಚೆನ್ನಾಗಿ ಬಲ್ಲವರು ಇನ್ಯಾರಿದ್ದಾರೆ?"

"ಏನು ಹೇಳಲಿ ಹುಜೂರ್?"

"ನಿಜಾನೇ ಹೇಳಿ. ನೂರು ಬಿಘಾ ಇರೋ ಮನುಷ್ಯ ಹೇಳೋ ಅಂಥ ನಿಜ."

ಮನೆಯಲ್ಲಿ ಹೆಂಡತಿ ದಯಾ ಕೌರ್ ರೊಟ್ಟಿ ತಟ್ಟುತ್ತಿದ್ದಳು. ನಾನು ಎಲ್ಲವನ್ನೂ ಹೇಳಿ ಅವಳ ಮುಖ ನೋಡಿದೆ.

"ನನ್ನನ್ನೇನು ನೋಡ್ತೀರಿ? ಮೂರು ತಲೆಮಾರು ಎಂಜಲು ಹಿಡಿದು ಉಳಿಸ್ಕೊಂಡ ಜಮೀನು. ಅವನಿಗೆ ಬರಿ ಅಂತ ನೀವು ಹೇಳಿದ್ರಾ?"

ಹೇಳಿರಲಿಲ್ಲ. ಅಷ್ಟು ನೆಪ ನನಗೆ ಸಾಕಾಯಿತು.

ಕೋರ್ಟಿಗೆ ತಂದಾಗ ನಿಧಾನನ ಮುಖ ಬಾತುಹೋಗಿತ್ತು. ಈ ಮಾತು ನಿನಗೆ ಯಾರು ಹೇಳಿದರೆಂದು ಒಂಬತ್ತು ದಿನ ಹೊಡೆದಿದ್ದರಂತೆ. ಅವನು ಬಾಯಿ ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಅವನ ಪಕ್ಕದಲ್ಲಿ ನಾನೂ ನಿಂತಿರುತ್ತಿದ್ದೆ. ಜಡ್ಜಿಯ ಹಿಂದೆ ಬಿದಿರಿನ ಪರದೆ, ಅದರಾಚೆ ಮಹಾರಾಜರು.

ಸರ್ಕಾರಿ ವಕೀಲರು ಕೇಳಿದರು, "ಹುಜೂರರ ಪೀಕದಾನಿಯಲ್ಲಿ ಏನಿರುತ್ತದೆ?"

"ಎಲೆ, ಸುಣ್ಣ, ಕಾಚು, ಏಲಕ್ಕಿ."

"ಹೊಗೆಸೊಪ್ಪು?"

"ಇಲ್ಲ."

"ಯಾವತ್ತಾದರೂ?"

"ಗುರುವಿನಾಣೆ, ಇಲ್ಲ."

ಸಾಕ್ಷಿಗೆ ಏನಾದರೂ ಕೇಳುವುದಿದೆಯೇ ಎಂದು ಜಡ್ಜಿ ನಿಧಾನನನ್ನು ಕೇಳಿದರು. ಅವನು ಊದಿದ ಕಣ್ಣಿನಿಂದಲೇ ನನ್ನನ್ನು ನೋಡಿದ.

"ಒಂದೇ ಪ್ರಶ್ನೆ. ಜೈಮಲ್, ಮನೇಲಿ ಎಲ್ರೂ ಚೆನ್ನಾಗಿದ್ದಾರಾ?"

ಜನ ನಕ್ಕರು. ಚೆನ್ನಾಗಿದ್ದಾರೆ ಎಂದೆ. ನಾನು ಕಟ್ಟೆ ಇಳಿಯುವ ಮೊದಲೇ ಅವನಿಗೆ ನಾಲ್ಕು ವರ್ಷ ಸಜೆಯಾಯಿತು.

ಅಷ್ಟರಲ್ಲಿ ಪರದೆಯಾಚೆ ಕ್ಯಾಕರಿಸಿದ ಸದ್ದು. ಸಾಕ್ಷಿಕಟ್ಟೆ ಇಳಿದು ಪಾತ್ರೆ ಎತ್ತಿಕೊಂಡು ಓಡಿದೆ. ಮಹಾರಾಜರು ಉಗುಳಿ, ತುಟಿ ಒರೆಸಿಕೊಂಡು, "ಶಾಬಾಶ್! ಏಲಕ್ಕಿ ಅಂದ್ಯಲ್ಲ, ಅದು ಬಲೇ ಚೆನ್ನಾಗಿತ್ತು," ಎಂದು ಹೊಟ್ಟೆ ಕುಣಿಸಿ ನಕ್ಕರು. ಆ ನಗೆಯಲ್ಲಿ ಕೆಂಪು ರಸ ಸಿಡಿದು ನನ್ನ ಗಡ್ಡಕ್ಕೆ ಬಿತ್ತು. ಹೊಗೆಸೊಪ್ಪಿನ ನಾತ ನೇರ ಮೂಗಿಗೆ ಹೊಡೆಯಿತು. ನಾನೂ ನಕ್ಕೆ. ಬಲವಂತಕ್ಕಲ್ಲ. ಬೆಳಗಿನಿಂದ ಇದ್ದ ಹೆದರಿಕೆ ಇಳಿದು ನಿಜವಾಗಿಯೇ ನಗು ಬಂದಿತ್ತು.

ಮನೆಗೆ ಬಂದು ಬಾವಿಯ ಬಳಿ ಕರುಳು ಕಿತ್ತುಬರುವ ಹಾಗೆ ವಾಂತಿ ಮಾಡಿಕೊಂಡೆ. ಮರುದಿನ ಕೆಲಸ ಬಿಟ್ಟೆನೆಂದು ನೀವು ತಿಳಿದರೆ ತಪ್ಪು. ಬೆಳಿಗ್ಗೆ ಪೇಟ ಕಟ್ಟಿ ಹೋದೆ. ಇನ್ನೂ ಹನ್ನೊಂದು ವರ್ಷ ಹೋದೆ.

ಸಂಸ್ಥಾನಗಳು ಮುಗಿದವು. ಮಹಾರಾಜರು ಬೆಟ್ಟದ ಬಂಗಲೆ ಸೇರಿದರು. ನಿಧಾನ್ ಯಾವತ್ತೋ ಹೊರಗೆ ಬಂದು ಮತ್ತೆ ಪಾಠ ಹೇಳುತ್ತಿದ್ದ. ಅವನಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲ, ಮುಂದಿನ ಹಲ್ಲುಗಳಿರಲಿಲ್ಲ. ದಾರಿಯಲ್ಲಿ ಅವನು ಎದುರಾದರೆ ನಾನು ಗೋಧಿ ಹೊಲಕ್ಕಿಳಿದು ಬಿಡುತ್ತಿದ್ದೆ. ಕೊನೆಗೊಂದು ದಿನ ನನ್ನ ಮೈ ನನಗೇ ಹೇಸಿಗೆಯಾಗಿ, ಗುರುದ್ವಾರದಲ್ಲಿ ಸಭೆಯ ಮುಂದೆ ಕೈಜೋಡಿಸಿ ನಿಂತು ಎಲ್ಲ ಹೇಳಿದೆ. ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಐವರು ಹಿರಿಯರು ಮಾತಾಡಿಕೊಂಡು ನಲವತ್ತು ದಿನ ಭಕ್ತರ ಜೋಡು ಒರೆಸುವ ಶಿಕ್ಷೆ ಕೊಟ್ಟರು.

ನಿಧಾನ್ ದಿನವೂ ಹೆಂಡತಿ ಬಿಶನ್ ಕೌರಳ ಜೊತೆ ಬರುತ್ತಿದ್ದ. ಎಲ್ಲರೂ ನನ್ನ ಮುಂದೆ ಜೋಡು ಬಿಟ್ಟರೆ ಅವರಿಬ್ಬರು ದೂರದ ಬೇವಿನ ಬುಡದಲ್ಲಿ ಬಿಡುತ್ತಿದ್ದರು. ನಲವತ್ತನೆಯ ದಿನ ನಾನೇ ಎದ್ದು ಹೋದೆ.

"ನಿಧಾನ್, ಇವತ್ತೊಂದಿನ ಜೋಡು ಕೊಡೋ. ಶಿಕ್ಷೆ ಮುಗಿಯುತ್ತೆ."

"ಮುಗೀಲಿ. ಕ್ಷಮಿಸೋದು ಗುರುವಿನ ಕೆಲಸ ಕಣಯ್ಯಾ. ನಾನು ಬರೀ ಮೇಷ್ಟ್ರು," ಎಂದು ಅವನು ಒಳಗೆ ಹೋದ.

ಬಿಶನ್ ಕೌರ್ ಅವನ ಹಿಂದೆ ಹೋಗದೆ, ತನ್ನ ಜೋಡನ್ನು ಕಾಲಿನಿಂದಲೇ ನನ್ನತ್ತ ನೂಕಿದಳು.

"ಒರೆಸು. ಅವರಿಗೆ ನಿನ್ನ ಕಂಡ್ರೆ ಅಸಹ್ಯ. ನನಗೇನೂ ಕಮ್ಮಿ ಇಲ್ಲ. ಆದ್ರೆ ಬಿಸಿಲಲ್ಲಿ ನಿಂತು ನಿನ್ನ ಜೊತೆ ವಾದ ಮಾಡೋಕೆ ನನ್ನ ಮಂಡಿ ಕೇಳಲ್ಲ."

ಅವಳು ಮೆಟ್ಟಿಲು ಹತ್ತಿ ಹೋದಳು. ನಾನು ಅಲ್ಲೇ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತು ಒರೆಸಿದೆ.