ಗುತ್ಯಪ್ಪ ಮತ್ತೆ ಮೊದಲ ವರ್ಷಕ್ಕೆ ಸೇರಿದ್ದು

ಗುತ್ಯಪ್ಪನನ್ನು ನಾನು ಮೊದಲು ನೋಡಿದ್ದು ೧೯೬೧ರ ಜೂನ್‌ನಲ್ಲಿ, ಸಾಗರದ ಬಸ್ ನಿಲ್ದಾಣದಲ್ಲಿ. ಹೊಸನಗರದ ಬಸ್ಸಿಗೆ ಜನ ನೂಕಾಡುತ್ತಿದ್ದರೆ, ಕರಿಯ ಕೋಟು ತೊಟ್ಟ ಈ ಎತ್ತರದ ಮನುಷ್ಯ ಹಿಂದಿನ ಗಾಲಿಯ ಬಳಿ ಕುಕ್ಕರುಗಾಲಿನಲ್ಲಿ ಕೂತು ಸ್ಪ್ರಿಂಗಿನ ಪಟ್ಟಿಗಳನ್ನು ಎಣಿಸುತ್ತಿದ್ದ.

"ಏನ್ ಬಿದ್ದೋಯ್ತು ಸ್ವಾಮಿ?" ಎಂದ ಕಂಡಕ್ಟರ್.

"ಬಿದ್ದಿಲ್ಲ. ಒಂದು ಪಟ್ಟಿ ಮುರಿದದೆ. ನಾನು ಮುಂದಿನ ಸೀಟಲ್ಲಿ ಕೂರ್ತೀನಿ."

ಹಾಗೆ ನನ್ನ ಪಕ್ಕ ಬಂದು ಕುಳಿತ. ಇಬ್ಬರೂ ಒಂದೇ ಹೈಸ್ಕೂಲಿಗೆ ಹೊಸ ಮೇಷ್ಟ್ರುಗಳು, ನಾನು ಚರಿತ್ರೆಗೆ, ಅವನು ಗಣಿತಕ್ಕೆ. ಇಬ್ಬರ ಮನೆಯಲ್ಲೂ ನಮಗಿಂತ ಮೊದಲು ಕಾಲೇಜು ಕಂಡವರಿಲ್ಲ ಎಂಬುದು ಹೊಸನಗರ ಮುಟ್ಟುವಷ್ಟರಲ್ಲಿ ತಿಳಿಯಿತು.

ಅವನ ಜೇಬಿನಲ್ಲಿ ಸದಾ ಗಂಟು ಹಾಕಿದ ಹುರಿ. ಕಟ್ಟೆ, ಬಾಗಿಲು, ತೊಲೆ ಎಂದು ಎದುರಾದದ್ದನ್ನೆಲ್ಲ ಅದರಿಂದ ಅಳೆಯುವನು. ಇಂಜಿನಿಯರ್ ಆಗುವ ಆಸೆ ಬಿ.ಎಸ್ಸಿ. ಮುಗಿದ ಮೇಲೆ ಹುಟ್ಟಿದ್ದರಿಂದ ಅವನೆದುರು ಎರಡು ದಾರಿಗಳಿದ್ದವು: ಭೌತಶಾಸ್ತ್ರದಲ್ಲಿ ಎರಡು ವರ್ಷದ ಎಂ.ಎಸ್ಸಿ. ಮಾಡಿ ಅಲ್ಲಿಂದ ಹೇಗಾದರೂ ಆ ಕಡೆ ಹೊರಳುವುದು, ಇಲ್ಲವೇ ಪಿ.ಯು.ಸಿ. ಮುಗಿಸಿ ಬಂದ ಹುಡುಗರ ಜೊತೆ ಬಿ.ಇ. ಮೊದಲ ವರ್ಷದಿಂದ ಐದು ವರ್ಷ ಓದುವುದು. ಮರುವರ್ಷ ಎರಡಕ್ಕೂ ಕರೆ ಬಂತು. ಹೆಡ್‌ಮಾಸ್ಟರ್ ಸೀತಾರಾಮಪ್ಪನವರು, "ಹತ್ತಿದ ಮೆಟ್ಟಿಲು ಇಳೀತಾರೇನ್ರೀ? ಈ ಮೀಸೆ ಇಟ್ಕೊಂಡು ಮೊದಲನೇ ವರ್ಷದಲ್ಲಿ ಕೂತ್ರೆ, ಹುಡುಗ್ರು ಜವಾನ ಅಂದ್ಕೊಂಡು ನೀರು ತಾ ಅಂತಾರೆ" ಎಂದರು. ಗುತ್ಯಪ್ಪ ನಕ್ಕು, ಎಂ.ಎಸ್ಸಿ.ಗೆ ಒಪ್ಪಿಗೆ ಬರೆದ. ಅಂಚೆಗೆ ಹಾಕಿರಲಿಲ್ಲ.

ಆ ಬೇಸಿಗೆಯಲ್ಲಿ ಅವನ ಊರಿನ ಹಳ್ಳ ದಾಟಲು ಮರದ ಕಾಲುಸಂಕ ಹಾಕುವಾಗ ಲೆಕ್ಕವೆಲ್ಲ ಇವನದಾಗಿತ್ತು. ಮರದ ದಪ್ಪ, ಅದು ಹೊರುವ ಭಾರ ಎಲ್ಲವೂ ಪುಸ್ತಕದಂತೆ ಸರಿಯಾಗಿದ್ದು, ಎರಡೂ ತುದಿಗಳನ್ನು ದಡದ ಮರಗಳಿಗೆ ತಂತಿಯಿಂದ ಬಿಗಿಸಿದ್ದ. ಮೊದಲ ನೆರೆಗೇ ಸಂಕ ನಡುವೆ ಮುರಿದು ತೇಲಿಹೋಯಿತು. ನೋಡಲು ನಾನೂ ಜೊತೆಗೆ ಹೋದೆ. ವರ್ಷವರ್ಷವೂ ಸಂಕ ಹಾಕಿ ಪಳಗಿದ ಬೆಳ್ಳಪ್ಪ ದಡದಲ್ಲಿ ನಿಂತಿದ್ದ.

"ಒಂದ್ ತಲೆ ಕಟ್ದೇ ಬಿಡ್ಬೇಕಿತ್ತು ಮೇಷ್ಟ್ರೇ. ನೀರು ಏರಿದ್ರೆ ಸಂಕ ತಾನೇ ತಿರುಗಿ ದಡಕ್ಕೆ ಮಲಗ್ತದೆ. ಇಳಿದ್ಮೇಲೆ ಎಳೆದು ಹಾಕ್ಕಳದು."

"ಮೊದ್ಲೇ ಯಾಕೆ ಹೇಳ್ಲಿಲ್ಲ ಬೆಳ್ಳಪ್ಪಣ್ಣ?"

"ನೀವು ಓದಿದೋರು. ಕೇಳಿದ್ರಾ?"

ಹಿಂದಿರುಗುವಾಗ ಅವನು, "ಭಾರ ಲೆಕ್ಕ ಹಾಕಿದೆ, ಹೊಳೆ ಲೆಕ್ಕ ಹಾಕ್ಲೇ ಇಲ್ಲ. ಇನ್ನೆರಡು ವರ್ಷ ಭೌತಶಾಸ್ತ್ರ ಓದಿದ್ರೂ ಇದು ಬರಲ್ಲ. ಬುಡದಿಂದ ಕಲೀಬೇಕು" ಎಂದ. ಮನೆಗೆ ಬಂದವನೇ ಒಪ್ಪಿಗೆ ಪತ್ರ ಹರಿದ. ತಾಯಿ ದುಗ್ಗಮ್ಮ ಕೇಳಿದರು:

"ಇನ್ನೂ ಐದು ವರ್ಷನಾ? ಓದು ಮುಗ್ದಿಲ್ವೇನೋ?"

"ಮುಗೀತು ಅಂದ್ಕಂಡಿದ್ದೆ ಅವ್ವ."

ಕಾಲೇಜಿನಿಂದ ಬರೆದ ಮೊದಲ ಕಾಗದದಲ್ಲಿ, ತರಗತಿಯ ಹುಡುಗರೆಲ್ಲ ತನ್ನನ್ನು ಅಜ್ಜ ಎನ್ನುತ್ತಾರೆಂದೂ, ಆ ಅಜ್ಜ ಡ್ರಾಯಿಂಗಿನಲ್ಲಿ ಫೇಲಾದನೆಂದೂ ತಿಳಿಸಿದ್ದ.

ಗಳಿಸಿದ ಪದವಿಯನ್ನು ಬದಿಗಿಟ್ಟು, ಗೊತ್ತಿಲ್ಲವೆಂದು ಒಪ್ಪಿ ಕಲಿಯಲು ಕೂರುವವರು ಎಲ್ಲೂ ಹೆಚ್ಚಿಲ್ಲ. ಮನೆಗೆ ಮೊದಲ ಪದವೀಧರರಾದ ನಮ್ಮಂಥವರಲ್ಲಿ ಇನ್ನೂ ಅಪರೂಪ, ಏಕೆಂದರೆ ನಾವು ಎಡವುವುದನ್ನೂ ಹಿಂದೆ ಸರಿಯುವುದನ್ನೂ ಊರೆಲ್ಲ ನೋಡುತ್ತಿರುತ್ತದೆ. ಗುತ್ಯಪ್ಪ ಈಗ ತೀರ್ಥಹಳ್ಳಿಯಲ್ಲಿ ಜೂನಿಯರ್ ಇಂಜಿನಿಯರ್. ರಸ್ತೆಗಳಿಗೆ ಮೋರಿ ಕಟ್ಟಿಸುತ್ತಾನೆ.